ಕಡ್ಡಾಯವಾಗದ ಒಂದು ಜಾಕೆಟ್

ಗುಡ್ಡಗಾಡಿನ ಓಟಕ್ಕೆ ತಯಾರಿ ಎಂದರೆ ತಿಂಗಳುಗಟ್ಟಲೆ ಓಡಿ ಕಾಲು ಗಟ್ಟಿ ಮಾಡಿಕೊಳ್ಳುವುದು ಎಂದೇ ನಾವು ತಿಳಿದಿದ್ದೆವು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದದ್ದನ್ನು ಓದಿದ ಮೇಲೆ ಹಾಗೆನ್ನಿಸುತ್ತಿಲ್ಲ.

ಬೈಯಿನ್ ಬಳಿಯ ಬೆಟ್ಟಗಳಲ್ಲಿ ಅಂದು 100 ಕಿ.ಮೀ. ಓಟ. 172 ಜನ ಹೊರಟರು. ಮಧ್ಯಾಹ್ನದ ಹೊತ್ತಿಗೆ 20ರಿಂದ 31ನೇ ಕಿ.ಮೀ. ನಡುವಿನ ಎತ್ತರದ ಹಾದಿಯಲ್ಲಿ ಆಲಿಕಲ್ಲು, ಕೊರೆವ ಮಳೆ, ಬಿರುಗಾಳಿ ಒಟ್ಟಿಗೇ ಎರಗಿದವು. ಹೆಚ್ಚಿನವರ ಮೈಮೇಲಿದ್ದದ್ದು ತೆಳು ಅಂಗಿ, ಚಡ್ಡಿ. ಮೈಬಿಸಿ ಇಳಿದು 21 ಮಂದಿ ತೀರಿಕೊಂಡರು. ಅವರಲ್ಲಿ ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಒಬ್ಬರು. ಕಾಲಿನ ಕಸುವು ಸಾಲಲಿಲ್ಲ ಎನ್ನುವಂತಿಲ್ಲ.

ಕೊರತೆ ಇದ್ದದ್ದು ಸಾಮಾನಿನ ಪಟ್ಟಿಯಲ್ಲಿ. ಗಾಳಿ ತಡೆಯುವ ಜಾಕೆಟ್ಟನ್ನು ಸಂಘಟಕರು ಕಡ್ಡಾಯ ಮಾಡಿರಲಿಲ್ಲ. ಇದ್ದರೆ ಒಳ್ಳೆಯದು ಎಂದಷ್ಟೇ ಹೇಳಿದ್ದರು. ಹೊರೆ ಹಗುರಾಗಲೆಂದು ಕೆಲವರು ಅದನ್ನು ಮುಂದಿನ ತಂಗುದಾಣಕ್ಕೆ ಕಳಿಸುವ ಚೀಲದಲ್ಲಿ ಹಾಕಿಬಿಟ್ಟಿದ್ದರು.

ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವರೊಬ್ಬರು ಆರು ಓಟಗಾರರಿಗೆ ಗುಹೆಯಲ್ಲಿ ಆಸರೆ ಕೊಟ್ಟು, ಬೆಂಕಿ ಹಾಕಿ, ಹೊದಿಸಿ ಉಳಿಸಿಕೊಂಡರು. ಹೊತ್ತಿಗೆ ಬೇಕಾದೀತೆಂದು ಹೊದಿಕೆ, ಬಟ್ಟೆಗಳನ್ನು ಅವರು ಅಲ್ಲಿ ಮೊದಲೇ ಇಟ್ಟಿದ್ದರು. ತಯಾರಿ ಎಂದರೆ ಅದು.

ಆಮೇಲೆ ಚೀನಾ ಇಂಥ ಓಟಗಳನ್ನು ನಿಲ್ಲಿಸಿತು, ತನಿಖೆ ನಡೆಸಿ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡಿತು. ನಮ್ಮ ಮಲೆನಾಡಿನ ಕಾಫಿ ತೋಟ, ಗುಡ್ಡಗಳಲ್ಲೂ ಈಗ ಓಟಗಳು ನಡೆಯುತ್ತಿವೆ. ವರದಿಗೆ ಹೋದಾಗ ನಾವು ಗೆದ್ದವರ ಹೆಸರು ಬರೆದುಕೊಂಡು ಬಂದರೆ ಸಾಲದು. ಹೊರಡುವ ಮುಂಚೆ ಓಟಗಾರರ ಚೀಲ ಬಿಚ್ಚಿ ನೋಡಿದವರು ಯಾರು, ಆ ಗುಡ್ಡದ ದನಗಾಹಿಗಳನ್ನು ಹವೆಯ ಬಗ್ಗೆ ಯಾರಾದರೂ ವಿಚಾರಿಸಿದ್ದರೇ ಎಂದೂ ಕೇಳಬೇಕು.