ಐದು ನಿಮಿಷದ ಜೈಲು: ಐಸ್ ಹಾಕಿಯಲ್ಲಿ ಹೊಡೆದಾಡೋದು ಯಾಕೆ?

2025ರ ಫೆಬ್ರವರಿ 15. ಮಾಂಟ್ರಿಯಲ್ ನಗರದಲ್ಲಿ ಕೆನಡಾಕ್ಕೂ ಅಮೆರಿಕಕ್ಕೂ ಐಸ್ ಹಾಕಿ ಮ್ಯಾಚು. ಆಟ ಶುರುವಾಗಿ ಎರಡೇ ಸೆಕೆಂಡು... ಅಮೆರಿಕದ ಮ್ಯಾಥ್ಯೂ ಕಚಕ್, ಕೆನಡಾದ ಬ್ರಾಂಡನ್ ಹೇಗಲ್ ಇಬ್ಬರೂ ಕೈಗವಸು ಬಿಸಾಕಿ ಗುದ್ದಾಟಕ್ಕೆ ಇಳಿದರು. ಅವರನ್ನು ಬಿಡಿಸಿ ಆಟ ಮತ್ತೆ ಶುರು ಮಾಡಿದರೆ, ಮರುಕ್ಷಣವೇ ಮ್ಯಾಥ್ಯೂವಿನ ತಮ್ಮ ಬ್ರೇಡಿ ಇನ್ನೊಬ್ಬನ ಮೇಲೆ ಬಿದ್ದ. ಗಡಿಯಾರದಲ್ಲಿ ಒಂಬತ್ತು ಸೆಕೆಂಡು ಕಳೆಯುವಷ್ಟರಲ್ಲಿ ಮೂರು ಹೊಡೆದಾಟ ಮುಗಿದಿತ್ತು!

ಒಂಬತ್ತು ಸೆಕೆಂಡಿನಲ್ಲಿ ಯಾರಿಗಾದರೂ ಅಷ್ಟು ಸಿಟ್ಟು ಬರುತ್ತದೆಯೇ? ಬರೋದಿಲ್ಲ. ಮ್ಯಾಚಿಗೆ ಮುಂಚೆಯೇ ಗ್ರೂಪ್ ಚಾಟ್‌ನಲ್ಲಿ ಇದನ್ನು ಮಾತಾಡಿಕೊಂಡಿದ್ದೆವು ಅಂತ ಆಮೇಲೆ ಅಮೆರಿಕದ ಆಟಗಾರರೇ ಹೇಳಿದರು. ಅಂದರೆ ಇದು ರಕ್ತ ಕುದಿದು ಆದ ಜಗಳವಲ್ಲ, ಲೆಕ್ಕ ಹಾಕಿ ಮಾಡಿದ ಜಗಳ. ಈ ಲೆಕ್ಕ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ.

ಹಾಕಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹುಲ್ಲಿನ ಮೈದಾನ, ಚೆಂಡು. ಅಲ್ಲಿ ಎದುರಾಳಿಯ ಮುಖಕ್ಕೆ ಗುದ್ದಿದರೆ ಕೆಂಪು ಕಾರ್ಡು ತೋರಿಸಿ ಮನೆಗೆ ಕಳಿಸುತ್ತಾರೆ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಪಕ್ ಅನ್ನುವ ರಬ್ಬರಿನ ಬಿಲ್ಲೆ, ಕಾಲಿಗೆ ಸ್ಕೇಟ್ಸು. ಇಬ್ಬರು ಗುದ್ದಾಡತೊಡಗಿದರೆ ಅಂಪೈರುಗಳು ಓಡಿಹೋಗಿ ಬಿಡಿಸುವುದಿಲ್ಲ. ಸುತ್ತ ನಿಂತು, ಒಬ್ಬ ಕೆಳಗೆ ಬೀಳುವ ತನಕವೋ ಇಬ್ಬರೂ ಸುಸ್ತಾಗುವ ತನಕವೋ ಕಾಯುತ್ತಾರೆ! ಆಮೇಲೆ ಇಬ್ಬರನ್ನೂ ಪೆನಾಲ್ಟಿ ಬಾಕ್ಸ್‌ನಲ್ಲಿ ಐದು ನಿಮಿಷ ಕೂರಿಸುತ್ತಾರೆ. ಐದು ನಿಮಿಷ ಕಳೆದರೆ ಮತ್ತೆ ಆಟಕ್ಕೆ.

ಈ ಆಟದ ಜೊತೆ ಗಲಾಟೆ ಹುಟ್ಟಿನಿಂದಲೇ ಇದೆ. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ, ಜೇಮ್ಸ್ ಕ್ರೈಟನ್ ಅನ್ನುವವರ ಮುಂದಾಳತ್ವದಲ್ಲಿ, ಒಂದೊಂದು ಕಡೆ ಒಂಬತ್ತು ಜನರಂತೆ ಆಡಿದ್ದನ್ನು ಸೂರಿನಡಿ ನಡೆದ ಮೊದಲ ಐಸ್ ಹಾಕಿ ಪಂದ್ಯ ಎನ್ನುತ್ತಾರೆ. ಅವತ್ತೇ ಅಲ್ಲಿ ಹೊಡೆದಾಟವಾಗಿ, ಬೆಂಚುಗಳು ಮುರಿದು, ನೋಡಲು ಬಂದಿದ್ದ ಹೆಂಗಸರು ಗಾಬರಿಯಿಂದ ಓಡಿದರು ಅಂತ ಆ ಕಾಲದ ಪತ್ರಿಕಾ ವರದಿ ಇದೆ.

ಇದು ಬರೀ ತಮಾಷೆಯಾಗಿ ಉಳಿಯಲಿಲ್ಲ. 1905ರಲ್ಲಿ ಒಂಟಾರಿಯೊದ ಪಂದ್ಯವೊಂದರಲ್ಲಿ ಆಲ್ಸಿಡ್ ಲೋರಿನ್ ಎಂಬ ಆಟಗಾರ ಎದುರಾಳಿಯ ಸ್ಟಿಕ್ ಏಟಿಗೆ ಸತ್ತ. 1907ರಲ್ಲಿ ಕಾರ್ನ್‌ವಾಲ್ ಊರಿನ ಓವೆನ್ ಮೆಕೋರ್ಟ್ ಎಂಬಾತ ಅಂಥದೇ ಕಾದಾಟದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಎರಡೂ ಸಲ ಕೇಸು ಕೋರ್ಟಿಗೆ ಹೋಯಿತು, ಎರಡೂ ಸಲ ಆರೋಪಿ ಬಿಡುಗಡೆಯಾದ. ಎರಡನೆಯ ಪ್ರಕರಣದಲ್ಲಂತೂ ಅಷ್ಟೊಂದು ಜನ ಬಡಿದಾಡುತ್ತಿದ್ದಾಗ ಪ್ರಾಣ ತೆಗೆದ ಏಟು ಯಾರದ್ದು ಅಂತಲೇ ಗೊತ್ತಾಗಲಿಲ್ಲ! ಕೈಯಲ್ಲಿ ದೊಣ್ಣೆ, ಕಾಲಲ್ಲಿ ಹರಿತವಾದ ಉಕ್ಕಿನ ಅಲಗು, ಸುತ್ತ ಗೋಡೆ, ಓಡಿಹೋಗಲು ಜಾಗವಿಲ್ಲ... ಸ್ಟಿಕ್ ಬೀಸುವುದಕ್ಕಿಂತ ಬರಿಗೈ ಜಗಳವೇ ವಾಸಿ ಅನ್ನುವ ವಾದಕ್ಕೆ ಇಂಥ ಹಿನ್ನೆಲೆ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎನ್‌ಎಚ್‌ಎಲ್ ಎನ್ನುವ ವೃತ್ತಿಪರ ಲೀಗ್ ಹುಟ್ಟಿದ್ದು 1917ರಲ್ಲಿ. 1922ರಲ್ಲಿ ಅದು ಮುಷ್ಟಿಕಾಳಗಕ್ಕೆಂದೇ ಒಂದು ನಿಯಮ ಬರೆಯಿತು. ಹೊಡೆದಾಡಿದವನನ್ನು ಪಂದ್ಯದಿಂದ ಹೊರಗೆ ಹಾಕುವ ಬದಲು ಐದು ನಿಮಿಷದ ಶಿಕ್ಷೆ. ಇಲ್ಲೊಂದು ಸೂಕ್ಷ್ಮವಿದೆ ನೋಡಿ. ಸಾಮಾನ್ಯವಾಗಿ ಒಬ್ಬ ತಪ್ಪು ಮಾಡಿ ಬಾಕ್ಸಿಗೆ ಹೋದರೆ ಅವನ ತಂಡ ಒಬ್ಬ ಆಟಗಾರ ಕಡಿಮೆ ಇಟ್ಟುಕೊಂಡು ಆಡಬೇಕು. ಆದರೆ ಈಗಿನ ನಿಯಮದಲ್ಲಿ ಇಬ್ಬರೂ ಹೊಡೆದಾಡಿ ಇಬ್ಬರಿಗೂ ಐದೈದು ನಿಮಿಷ ಬಿದ್ದರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಐದು ಜನಕ್ಕೆ ಐದು ಜನ, ಆಟ ಮುಂದುವರೆಯುತ್ತದೆ. ತಂಡಕ್ಕೆ ನಯಾಪೈಸೆ ನಷ್ಟವಿಲ್ಲ! ದಂಡ ಇಷ್ಟು ಅಗ್ಗವಾದರೆ ತಪ್ಪು ತಪ್ಪಾಗಿ ಉಳಿಯುವುದಿಲ್ಲ, ಅದಕ್ಕೊಂದು ರೇಟು ಗೊತ್ತುಮಾಡಿದ ಹಾಗೆ ಆಗುತ್ತದೆ.

ಅದೇ ದಶಕದಲ್ಲಿ ಲೀಗ್ ಅಮೆರಿಕಕ್ಕೆ ಕಾಲಿಟ್ಟಿತು. 1924ರಲ್ಲಿ ಬೋಸ್ಟನ್, 1925ರಲ್ಲಿ ನ್ಯೂಯಾರ್ಕ್. 1926ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಕಟ್ಟಿದ ಟೆಕ್ಸ್ ರಿಕಾರ್ಡ್ ಯಾರು ಗೊತ್ತೇ? ಬಾಕ್ಸಿಂಗ್ ಪಂದ್ಯ ಏರ್ಪಡಿಸುವುದರಲ್ಲಿ ಎತ್ತಿದ ಕೈ! ಗುದ್ದಾಟ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಅನ್ನುವುದನ್ನು ಅಂಥವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದೆ ಇದಕ್ಕಾಗಿಯೇ ಒಂದು ಹುದ್ದೆ ಹುಟ್ಟಿಕೊಂಡಿತು, ಎನ್‌ಫೋರ್ಸರ್ ಅಂತ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವ ಲೆಕ್ಕಾಚಾರ. ನಮ್ಮ ಒಳ್ಳೆಯ ಆಟಗಾರನನ್ನು ಯಾರಾದರೂ ಮುಟ್ಟಿದರೆ ಅವರನ್ನು ವಿಚಾರಿಸಿಕೊಳ್ಳುವುದು ಇವನ ಕೆಲಸ. 1963ರಲ್ಲಿ ಮಾಂಟ್ರಿಯಲ್ ತಂಡಕ್ಕೆ ಬಂದ ಜಾನ್ ಫರ್ಗ್ಯುಸನ್ ತನ್ನ ಮೊದಲ ಪಂದ್ಯದ ಹನ್ನೆರಡನೇ ಸೆಕೆಂಡಿನಲ್ಲೇ ಬೋಸ್ಟನ್‌ನ ಟೆಡ್ ಗ್ರೀನ್ ಜೊತೆ ಕಾದಾಡಿದ. 1970ರ ದಶಕದಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಹೆದರಿಸಿ ಬೆದರಿಸಿ ಆಡುತ್ತಲೇ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ತಂಡದ ಡೇವ್ ಶುಲ್ಟ್ಸ್ 1974-75ರ ಒಂದೇ ಸೀಸನ್ನಿನಲ್ಲಿ 472 ನಿಮಿಷ ಪೆನಾಲ್ಟಿ ಪಡೆದ. ಅಂದರೆ ಹೆಚ್ಚುಕಮ್ಮಿ ಎಂಟು ಪೂರ್ತಿ ಪಂದ್ಯಗಳಷ್ಟು ಹೊತ್ತು! ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಇನ್ನು ಆಟದ ದೇವರು ಎನ್ನಿಸಿಕೊಂಡ ವೇಯ್ನ್ ಗ್ರೆಟ್ಸ್ಕಿ 1988ರಲ್ಲಿ ಎಡ್ಮಂಟನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದಾಗ, ಅವನ ಕಾವಲಿಗಿದ್ದ ಮಾರ್ಟಿ ಮ್ಯಾಕ್‌ಸಾರ್ಲಿಯನ್ನೂ ಜೊತೆಗೇ ಕಳಿಸಿಕೊಟ್ಟರು. ದೇವರ ಜೊತೆ ದ್ವಾರಪಾಲಕ!

ಹೊಡೆದಾಟ ಬೇಕು ಅನ್ನುವವರ ವಾದವನ್ನೂ ಕೇಳಬೇಕು. ದಶಕಗಳ ಕಾಲ ಶಿಕ್ಷೆ ವಿಧಿಸಲು ಇದ್ದದ್ದು ಒಬ್ಬನೇ ಮುಖ್ಯ ರೆಫ್ರಿ. ಅವನ ಬೆನ್ನ ಹಿಂದೆ ಸ್ಟಿಕ್ಕಿನಿಂದ ತಿವಿದರೆ ಕೇಳುವವರು ಯಾರು? ಹಾಗಾಗಿ ಆಟಗಾರರೇ ಪೊಲೀಸರಾದರು. ಕುಕ್ಕರ್ ವಿಷಲ್ ಹೊಡೆದ ಹಾಗೆ ಒತ್ತಡ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ದೊಡ್ಡ ಅನಾಹುತವಾಗುತ್ತದೆ ಅನ್ನುವುದು ಅವರ ಮಾತು. ಅದಕ್ಕೊಂದು ಬರೆಯದ ಧರ್ಮವೂ ಇದೆ. ಸ್ಟಿಕ್ ಕೆಳಗೆ ಹಾಕಬೇಕು, ಎದುರಾಳಿಯನ್ನು ಕೇಳಿಯೇ ಶುರು ಮಾಡಬೇಕು, ಬಿದ್ದವನಿಗೆ ಹೊಡೆಯಬಾರದು, ಹಿಂದಿನಿಂದ ಹೊಡೆಯಬಾರದು.

ಆದರೆ ಧರ್ಮಯುದ್ಧದ ನಿಯಮ ಎಷ್ಟು ದಿನ ಉಳಿಯುತ್ತದೆ ಅನ್ನೋದನ್ನು ದುರ್ಯೋಧನನ ತೊಡೆಯನ್ನು ಕೇಳಬೇಕು! 2004ರ ಫೆಬ್ರವರಿಯಲ್ಲಿ ಕೊಲರಾಡೊ ತಂಡದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲಂಡ್‌ಗೆ ಡಿಕ್ಕಿ ಹೊಡೆದು ಗಾಯ ಮಾಡಿದ. ಮಾರ್ಚ್ 8ರಂದು ಎರಡೂ ತಂಡ ವ್ಯಾಂಕೂವರ್‌ನಲ್ಲಿ ಎದುರಾದಾಗ ಮೂರ್ ಮೊದಲ ಅವಧಿಯಲ್ಲೇ ಒಬ್ಬನ ಜೊತೆ ಕಾದಾಡಿ ‘ಸಾಲ’ ತೀರಿಸಿದ. ಆ ಧರ್ಮದ ಪ್ರಕಾರ ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಕೊನೆಯ ಅವಧಿಯಲ್ಲಿ ಟಾಡ್ ಬರ್ಟೂಜಿ ಹಿಂದಿನಿಂದ ಬಂದು ಗುದ್ದಿ ಅವನ ಮೇಲೆ ಬಿದ್ದ. ಮೂರ್‌ನ ಕುತ್ತಿಗೆಯ ಮೂಳೆಗಳು ಮುರಿದವು. ಅವನು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಬರ್ಟೂಜಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಕುಕ್ಕರ್ ವಿಷಲ್ ಹೊಡೆದಿತ್ತು, ಆದರೂ ಸಿಡಿಯಿತು.

ಹಾಗಾದರೆ ಈ ಹೊಡೆದಾಟದ ನಿಜವಾದ ಬೆಲೆ ಕಟ್ಟಿದವರು ಯಾರು? ಡೆರೆಕ್ ಬೂಗಾರ್ಡ್ ಅನ್ನುವ ಹುಡುಗನ ಕಥೆ ಕೇಳಿ. ಆರಡಿ ಏಳಿಂಚು ಎತ್ತರ. ಎನ್‌ಎಚ್‌ಎಲ್‌ನಲ್ಲಿ 277 ಪಂದ್ಯ ಆಡಿ ಹೊಡೆದ ಗೋಲು ಬರೀ ಮೂರು. ಅವನನ್ನು ಇಟ್ಟುಕೊಂಡಿದ್ದೇ ಗುದ್ದಲಿಕ್ಕೆ. ನೋವು ತಡೆಯಲು ಮಾತ್ರೆ, ಮಾತ್ರೆಯ ಚಟ, ಅದರ ಮೇಲೆ ಮದ್ಯ... 2011ರ ಮೇ ತಿಂಗಳಲ್ಲಿ 28ನೇ ವಯಸ್ಸಿಗೆ ತೀರಿಕೊಂಡ. ಮನೆಯವರು ಅವನ ಮಿದುಳನ್ನು ಬೋಸ್ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ತಲೆಗೆ ಪದೇ ಪದೇ ಪೆಟ್ಟು ಬೀಳುವವರಲ್ಲಿ ಕಾಣುವ ಸಿಟಿಇ ಎಂಬ ಮಿದುಳಿನ ಕಾಯಿಲೆ ಅಷ್ಟು ಚಿಕ್ಕ ವಯಸ್ಸಿಗೇ ಅವನಲ್ಲಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಇದೇ ಕೆಲಸ ಮಾಡಿದ್ದ ರಿಕ್ ರಿಪಿಯನ್, ವೇಡ್ ಬೆಲಾಕ್ ಕೂಡ ತೀರಿಕೊಂಡರು. ನಾಲ್ಕು ತಿಂಗಳಲ್ಲಿ ಮೂವರು. ನಾವು ಚಪ್ಪಾಳೆ ತಟ್ಟಿದ್ದು ಐದು ನಿಮಿಷ, ಅವರು ಅನುಭವಿಸಿದ್ದು ಉಳಿದ ಬದುಕಿಡೀ.

ಈಗ ಪರಿಸ್ಥಿತಿ ಬದಲಾಗಿದೆ. 1980ರ ದಶಕದ ಉತ್ತರಾರ್ಧದಲ್ಲಿ ಸರಾಸರಿ ಪಂದ್ಯಕ್ಕೊಂದಕ್ಕಿಂತ ಹೆಚ್ಚು ಹೊಡೆದಾಟ ಇರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ನಾಲ್ಕೈದು ಪಂದ್ಯಕ್ಕೆ ಒಂದು. ಆಟಗಾರರು ಇದ್ದಕ್ಕಿದ್ದಂತೆ ಸಾಧುಗಳಾದರೇ? ಇಲ್ಲ, ರೇಟು ಹೆಚ್ಚಾಯಿತು! 1992ರಲ್ಲಿ ಜಗಳ ಶುರು ಮಾಡಿದವನಿಗೆ ಹೆಚ್ಚುವರಿ ಶಿಕ್ಷೆ ಬಂತು, ಅವನ ತಂಡಕ್ಕೆ ನಿಜವಾದ ನಷ್ಟವಾಗತೊಡಗಿತು. 2005ರಲ್ಲಿ ತಂಡಗಳ ಸಂಬಳದ ಮೊತ್ತಕ್ಕೆ ಮಿತಿ ಹಾಕಿ ಆಟವನ್ನೂ ಚುರುಕುಗೊಳಿಸಿದರು. ಐದಾರು ನಿಮಿಷ ಮಾತ್ರ ಆಡುವ ದಾಂಡಿಗನಿಗೆ ಸಂಬಳ ಕೊಡುವುದು ದುಬಾರಿಯಾಯಿತು. 2023ರಲ್ಲಿ ಕ್ವಿಬೆಕ್‌ನ ಜೂನಿಯರ್ ಲೀಗ್ ಹೊಡೆದಾಡಿದವರನ್ನು ಪಂದ್ಯದಿಂದಲೇ ಹೊರಗೆ ಹಾಕುವ ನಿಯಮ ತಂದಿತು.

ಇನ್ನೊಂದು ಹೋಲಿಕೆ ನೋಡಿ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇದೇ ಕೆನಡಾ, ಇದೇ ಅಮೆರಿಕ, ಎರಡೂ ಕಡೆ ಎನ್‌ಎಚ್‌ಎಲ್ ಆಟಗಾರರೇ. ಚಿನ್ನದ ಪದಕ ಪಣಕ್ಕಿತ್ತು, ಓವರ್‌ಟೈಮ್‌ಗೂ ಹೋಯಿತು. ಒಂದೂ ಮುಷ್ಟಿಕಾಳಗ ನಡೆಯಲಿಲ್ಲ. ಯಾಕೆಂದರೆ ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನು ಪಂದ್ಯದಿಂದ ಹೊರಗೆ. 2025ರ ಆ ಟೂರ್ನಿ ನಡೆಸಿದ್ದು ಎನ್‌ಎಚ್‌ಎಲ್, ನಿಯಮವೂ ಅದರದ್ದೇ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜಗಳ ಆಗಿಯೇ ಇಲ್ಲ ಅಂತಲ್ಲ. 1987ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದ ಪಿಯೆಷ್ಟನಿಯಲ್ಲಿ ಕೆನಡಾ ಮತ್ತು ಸೋವಿಯತ್ ಜೂನಿಯರ್ ತಂಡಗಳು ಎಷ್ಟು ಬಡಿದಾಡಿದವೆಂದರೆ, ನಿಲ್ಲಿಸಲು ಆಗದೆ ಕೊನೆಗೆ ಸ್ಟೇಡಿಯಂನ ದೀಪ ಆರಿಸಿದರು! ಆದರೆ ಎರಡೂ ತಂಡಗಳನ್ನು ಟೂರ್ನಿಯಿಂದಲೇ ಓಡಿಸಿದರು ಅನ್ನುವುದನ್ನು ಮರೆಯಬಾರದು.

ನನಗನ್ನಿಸುವುದು ಇಷ್ಟೇ. ಆಟಗಾರರು ಯಾಕೆ ಹೊಡೆದಾಡುತ್ತಾರೆ ಅನ್ನುವ ಪ್ರಶ್ನೆಯನ್ನು ಆಟಗಾರರಿಗೆ ಕೇಳಿ ಪ್ರಯೋಜನವಿಲ್ಲ. ನಿಯಮ ಬರೆಯುವವರನ್ನೂ, ಟಿಕೆಟ್ ಕೊಂಡು ಎದ್ದು ನಿಂತು ಕೇಕೆ ಹಾಕುವವರನ್ನೂ ಕೇಳಬೇಕು. ಐದು ನಿಮಿಷ ಸಾಕು ಅಂತ 1922ರಲ್ಲಿ ಯಾರೋ ತೀರ್ಮಾನಿಸಿದರು. ಸಾಕಾಗಲಿಲ್ಲ ಅಂತ ಹೇಳಬಲ್ಲ ಬೂಗಾರ್ಡ್ ಈಗಿಲ್ಲ. ನಿಮಗೇನನ್ನಿಸುತ್ತದೆ?