ತರಲೆಗೆ ಎಷ್ಟು ವಯಸ್ಸು?

ನಮ್ಮ ಹಾಸನ ಸೀಮೆಯಲ್ಲಿ ಬೈಗುಳಕ್ಕೆ ಬರವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಗಂಗಮ್ಮನ ಬಾಯಿ ಎಂಥದೆಂದು ಗೊತ್ತು. ಹೆತ್ತ ಮಕ್ಕಳನ್ನೂ ಆಕೆ ಬಿಟ್ಟವಳಲ್ಲ. ಅಂಥ ಬಾಯಿಗಳ ನಡುವೆಯೇ ಒಂದು ಪದ ಬೈಗುಳದ ವೇಷ ತೊಟ್ಟು ಮುದ್ದಿನ ಕೆಲಸ ಮಾಡಿಕೊಂಡು ಬಂದಿದೆ: ತರಲೆ. ಜನರ ಬಾಯಲ್ಲಿ ಅದು ‘ತರ್ಲೆ’. “ಏನ್ ತರ್ಲೆ ಐಕ್ಳಪ್ಪಾ!” ಎಂದು ಅಜ್ಜಿ ಕೂಗಿದರೆ ಯಾವ ಮಗುವೂ ಹೆದರುವುದಿಲ್ಲ. ಬೆನ್ನಿಗೊಂದು ಗುದ್ದು ಬಿದ್ದರೂ ಹಿಂದೆಯೇ ಕೋಡುಬಳೆ ಬರುತ್ತದೆ ಎಂಬ ಭರವಸೆ ಆ ಪದದಲ್ಲೇ ಇದೆ.

ಮಕ್ಕಳ ಹಾವಳಿಗೆ ನಮ್ಮಲ್ಲಿ ಹೆಸರು ಹಲವು, ಒಂದೊಂದರ ತೂಕ ಒಂದೊಂದು. ತುಂಟನ ಚೇಷ್ಟೆ ಕೈಕಾಲಿನದು. ಮರ ಹತ್ತುತ್ತಾನೆ, ನಾಯಿ ಬಾಲಕ್ಕೆ ಡಬ್ಬ ಕಟ್ಟುತ್ತಾನೆ. ಕಿತಾಪತಿಗೆ ಒಳಗೊಳಗೇ ಹೂಡಿದ ಉಪಾಯ ಬೇಕು. ಕಿಡಿಗೇಡಿ ಹಾಳು ಮಾಡುವವನು. ಪೋಲಿ ಎನಿಸಿಕೊಂಡವನನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಯೋಚಿಸುತ್ತಾರೆ. ತರಲೆಯ ಜಾಗ ನಾಲಿಗೆ. ಕೇಳಬಾರದ್ದನ್ನು ಕೇಳಬಾರದ ಹೊತ್ತಿನಲ್ಲಿ ಕೇಳುವುದೇ ತರಲೆ. ಅದರಿಂದ ಯಾರ ಬೇಲಿಯೂ ಮುರಿಯುವುದಿಲ್ಲ. ದೊಡ್ಡವರ ಹತ್ತಿರ ಉತ್ತರವಿಲ್ಲ ಎಂಬುದು ಬಯಲಿಗೆ ಬರುತ್ತದೆ, ಅಷ್ಟೆ.

ಅರಕಲಗೂಡು ಕಡೆ ಮೇ ತಿಂಗಳಲ್ಲಿ ಒಂದೆರಡು ಹದಮಳೆ ಬಿದ್ದರೆ ಆಲೂಗೆಡ್ಡೆ ಬಿತ್ತನೆಯ ಗಡಿಬಿಡಿ. ದೂರದ ಪಂಜಾಬಿನ ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಬಂದ ಬಿತ್ತನೆ ಗೆಡ್ಡೆಯ ಮೂಟೆಗಳು ನಮ್ಮಜ್ಜಿಯ ಜಗಲಿಗೂ ಬರುತ್ತಿದ್ದವು. ಗೋಣಿತಾಟು ಹಾಸಿಕೊಂಡು ಹೆಂಗಸರು ಗೆಡ್ಡೆ ಹೆಚ್ಚಲು ಕೂರುತ್ತಿದ್ದರು. ಹೆಚ್ಚುವುದಕ್ಕೂ ಲೆಕ್ಕವಿದೆ: ಪ್ರತಿ ಹೋಳಿನಲ್ಲೂ ಒಂದೆರಡು ಕಣ್ಣಿರಲೇಬೇಕು, ಕಣ್ಣಿಲ್ಲದ ಹೋಳು ಮೊಳೆಯುವುದಿಲ್ಲ. ಅಜ್ಜಿ ಗೆಡ್ಡೆಯನ್ನು ಬೆರಳಲ್ಲಿ ತಿರುಗಿಸಿ, ಕಣ್ಣು ಹುಡುಕಿ, ಆಮೇಲೆ ಚಾಕು ಇಡುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ನಾನು ಕೇಳಿದೆ: “ಅಜ್ಜಿ, ಕಣ್ಣಿರೋದನ್ನ ಮಣ್ಣಲ್ಲಿ ಹೂತ್ರೆ ಕಣ್ಣಿಗೆ ಮಣ್ಣು ಬೀಳಲ್ವಾ?”

“ಥೂ, ತರ್ಲೆ! ಹೋಗು, ಮಂಕರಿ ತಗಂಡ್ ಬಾ.”

ಮಂಕರಿ ತಂದೆ. ಇನ್ನೂ ನಾಲ್ಕು ಗೆಡ್ಡೆ ಹೆಚ್ಚಿದ ಮೇಲೆ ಅಜ್ಜಿ ತಲೆ ಎತ್ತದೆ ಹೇಳಿದಳು: “ಅದು ಕಣ್ಮುಚ್ಕಂಡೇ ಮಲಗಿರ್ತದೆ ಕಣಮ್ಮಿ. ಮಳೆ ಬಿದ್ದಾಗ ಬಿಡ್ತದೆ.” ಹಾಸನದಲ್ಲಿ ಪಿಯುಸಿ ಓದುವಾಗ ಜೀವಶಾಸ್ತ್ರದ ಮೇಡಂ ಆಲೂಗೆಡ್ಡೆ ಬೇರಲ್ಲ ಕಾಂಡ ಎಂದೂ, ಅದರ ಕಣ್ಣೆಂದರೆ ಮೊಗ್ಗು ಎಂದೂ, ಆ ಮೊಗ್ಗು ಕೆಲಕಾಲ ಸುಪ್ತಾವಸ್ಥೆಯಲ್ಲಿದ್ದು ಆಮೇಲೆ ಚಿಗುರುತ್ತದೆ ಎಂದೂ ಪಾಠ ಮಾಡಿದರು. ಅಜ್ಜಿ ಹೇಳಿದ್ದೂ ಅದನ್ನೇ.

ಶ್ರವಣಬೆಳಗೊಳಕ್ಕೆ ಶಾಲೆಯಿಂದ ಪ್ರವಾಸ ಹೋದಾಗಲೂ ಹೀಗೇ ಆಯಿತು. ಚಾವುಂಡರಾಯ, 981ನೇ ಇಸವಿ, 58 ಅಡಿ ಎತ್ತರ ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಕಾಲ ಬಳಿ ಹುತ್ತ, ತೊಡೆಗೂ ತೋಳಿಗೂ ಹಬ್ಬಿದ ಬಳ್ಳಿ. ಬಾಹುಬಲಿ ಎಷ್ಟು ಕಾಲ ಅಲುಗದೆ ತಪಸ್ಸಿಗೆ ನಿಂತಿದ್ದ ಎನ್ನುವುದಕ್ಕೆ ಅವೇ ಸಾಕ್ಷಿ ಎಂದರು. ನಮ್ಮ ತರಗತಿಯ ಹುಡುಗನೊಬ್ಬ ಕೈ ಎತ್ತಿದ: “ಸಾರ್, ಬಳ್ಳಿ ಹತ್ತುವಾಗ ಕಚಗುಳಿ ಆಗ್ಲಿಲ್ವಾ?” “ತರ್ಲೆ ಪ್ರಶ್ನೆ!” ಎಂದು ಮೇಷ್ಟ್ರು ಗದರಿದರು. ಆಮೇಲೆ ತಾವೂ ಒಮ್ಮೆ ಕತ್ತೆತ್ತಿ ನೋಡಿ, “ಆಗಿರ್ತದೆ ಕಣೋ. ತುಟಿ ನೋಡು” ಎಂದರು. ನಾವೆಲ್ಲ ಗೊಮ್ಮಟನ ಮುಖದ ಆ ಸಣ್ಣ ನಗೆಯನ್ನು ಸರಿಯಾಗಿ ನೋಡಿದ್ದು ಆಗಲೇ. ಇಸವಿ, ಅಡಿಗಳ ಲೆಕ್ಕ ಮರೆತವರಿಗೂ ಆ ನಗು ನೆನಪಿದೆ.

ಹಾಸನಾಂಬೆಯ ಗುಡಿಯಲ್ಲಿ ಸೊಸೆಯ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಎಂಬ ನಂಬಿಕೆಯಿದೆ. “ರಾಜಮುಡಿ ಅಕ್ಕಿಯೋ, ಸೋನಾಮಸೂರಿಯೋ?” ಎಂದು ಕೇಳುವ ಮಗು ಇದ್ದೇ ಇರುತ್ತದೆ. ಒಂದು ದಪ್ಪ, ಒಂದು ಸಣ್ಣ. ದೇವಿಯ ಪಾದ ಮುಟ್ಟುವ ಹೊತ್ತಿಗೆ ವ್ಯತ್ಯಾಸ ಸಣ್ಣದೇನಲ್ಲ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಊರಿನ ಇಂಥ ಮಾತುಗಾರರನ್ನು ಕುರಿತು ಬರೆದಾಗ ಪುಸ್ತಕಕ್ಕೆ ಇಟ್ಟ ಹೆಸರು ‘ನಮ್ಮ ಊರಿನ ರಸಿಕರು’. ತರಲೆ ಮಾಗಿದರೆ ರಸಿಕತೆಯಾಗುತ್ತದೆ ಎಂದು ನನಗೆ ಅನಿಸಿದ್ದು ಆ ಹೆಸರು ನೋಡಿಯೇ.

ಪದವೂ ನಮ್ಮಂತೆ ದೊಡ್ಡದಾಗಿ ಕೆಲಸಕ್ಕೆ ಹೋಗುತ್ತದೆ. ಹೊಳೆನರಸೀಪುರದಲ್ಲಿ ನಮ್ಮ ಮಾವನ ದಿನಸಿ ಅಂಗಡಿಯಿದೆ. ಕಾಲು ಕೆಜಿ ಬೇಳೆಗೆ ಮೂರು ಸಲ ತಕ್ಕಡಿ ನೋಡುವವನು ಅಲ್ಲಿ ‘ತರ್ಲೆ ಗಿರಾಕಿ’. ದಾಯಾದಿಗಳ ಜಗಳ ಅಂಟಿಕೊಂಡ ಜಮೀನು ‘ತರ್ಲೆ ಕೇಸು’. 1992ರಲ್ಲಿ ಉಪೇಂದ್ರ ತಮ್ಮ ಮೊದಲ ಚಿತ್ರವನ್ನು ನಿರ್ದೇಶಿಸಿದಾಗ ಜಗ್ಗೇಶ್ ಅದರ ನಾಯಕ, ಹೆಸರು ‘ತರ್ಲೆ ನನ್ ಮಗ’. ಮೀಸೆ ಬಂದ ಗಂಡಸನ್ನೂ ಹಾಗೆ ಕರೆಯಬಹುದು, ಕರೆದರೆ ಜನ ಖುಷಿಪಡುತ್ತಾರೆ.

ನನ್ನ ತಕರಾರು ಇಲ್ಲಿಂದ ಶುರು. ತುಂಟನಿಗೆ ತುಂಟಿ ಇದ್ದಾಳೆ; ತರಲೆಗೆ ಲಿಂಗವೇ ಇಲ್ಲ. ಅವನೂ ತರಲೆ, ಅವಳೂ ತರಲೆ. ಚಿಕ್ಕಂದಿನಲ್ಲಿ ಈ ಸಮಾನತೆ ನಮಗೆ ನಿಜವಾಗಿಯೂ ಸಿಕ್ಕಿತ್ತು. ಆದರೆ ಹುಡುಗಿ ಮೈನೆರೆದಳೆಂದರೆ ಪದವನ್ನು ವಾಪಸು ತೆಗೆದುಕೊಳ್ಳುತ್ತಾರೆ. ಆ ಮೂರು ದಿನ ದೇವರ ಮನೆಗೆ ಬರಬೇಡ ಎಂದಾಗ ನಾನು, “ಅಮ್ಮನೋರೂ ಹೆಂಗಸೇ ಅಲ್ವಾ?” ಎಂದು ಕೇಳಿದೆ. ಗೆಡ್ಡೆಯ ಕಣ್ಣನ್ನು ಕುರಿತು ಕೇಳಿದ ಬಾಯೇ ಇದನ್ನೂ ಕೇಳಿದ್ದು. ಈ ಸಲ ಯಾರೂ ತರ್ಲೆ ಎನ್ನಲಿಲ್ಲ. “ಬಾಯಿಬಡುಕಿ ಆಗ್ತಾವ್ಳೆ” ಎಂದರು ಒಬ್ಬರು. “ಗಂಡುಬೀರಿ” ಎಂದರು ಇನ್ನೊಬ್ಬರು. ನನ್ನ ವಾರಿಗೆಯ ಮಾವನ ಮಗ ಇವತ್ತಿಗೂ ಮದುವೆ ಮನೆಗಳಲ್ಲಿ ಪುರೋಹಿತರನ್ನು ಅಡ್ಡ ಪ್ರಶ್ನೆ ಕೇಳುತ್ತಾನೆ. ಅವನು ಮಾತ್ರ ಎಲ್ಲರಿಗೂ ಇನ್ನೂ ತರ್ಲೆಯೇ.

ಎರಡು ಬೈಗುಳಕ್ಕೂ ಇರುವ ಅಂತರ ದೊಡ್ಡದು. ತರ್ಲೆ ಎಂದವರು ಆಮೇಲೆ ಉತ್ತರ ಹುಡುಕುತ್ತಾರೆ. ಅಜ್ಜಿ ಹುಡುಕಿದಳು, ಮೇಷ್ಟ್ರು ಹುಡುಕಿದರು. ಬಾಯಿಬಡುಕಿ ಎಂದವರಿಗೆ ಆ ಹೊಣೆಯೇ ಇಲ್ಲ; ಪ್ರಶ್ನೆ ಅಲ್ಲಿಗೇ ಮುಗಿಯಿತು.

ಚಿಕ್ಕಪ್ಪನ ಮಗಳಿಗೆ ಈಗ ಹನ್ನೆರಡು. ಬಾಯಿ ತೆರೆದರೆ ಪ್ರಶ್ನೆ. ಅರ್ಧಕ್ಕರ್ಧ ನನಗೆ ಉತ್ತರ ಗೊತ್ತಿಲ್ಲದವು. ಮುಂದಿನ ವರ್ಷವೂ, ಮೂವತ್ತಾದ ಮೇಲೂ ಅವಳನ್ನು ನಾನು ತರ್ಲೆ ಎಂದೇ ಕರೆಯುವವಳು. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದರೆ ಆ ಪದವನ್ನು ಅವಳಿಂದ ಕಿತ್ತುಕೊಳ್ಳಬೇಡಿ. ಬೈಯಿರಿ, ಧಾರಾಳವಾಗಿ ತರ್ಲೆ ಎಂದೇ ಬೈಯಿರಿ. ಬೈದಾದ ಮೇಲೆ ಉತ್ತರ ಕೊಡಿ.