ಸೋದರಮಾವ ಕಟ್ಟಿದ ಪಟ್ಟ

ಶಾಲೆಯಲ್ಲಿ ನಾವು ಓದಿದ ಚರಿತ್ರೆಯಲ್ಲಿ ಗಂಗರು, ರಾಷ್ಟ್ರಕೂಟರು, ಚಾಲುಕ್ಯರು ಬೇರೆ ಬೇರೆ ಪಾಠಗಳಾಗಿದ್ದರು. ತಂದೆಯ ನಂತರ ಮಗ ಎಂಬ ವಂಶಾವಳಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆವು. ಆದರೆ ಹತ್ತನೆಯ ಶತಮಾನದ ಶಾಸನಗಳನ್ನು ನೋಡಿದರೆ ಈ ಮನೆತನಗಳೆಲ್ಲ ಪರಸ್ಪರ ಬೀಗರು. ಯಾರು ಪಟ್ಟವೇರಬೇಕು ಎಂಬುದನ್ನು ಎಷ್ಟೋ ಸಲ ನಿರ್ಧರಿಸಿದ್ದು ಹೆಣ್ಣು ಕೊಟ್ಟು ತಂದ ಸಂಬಂಧವೇ.

ಈ ನೆಂಟಸ್ತಿಕೆ ಹುಟ್ಟಿದ್ದು ಜಗಳದಿಂದ. ಒಂಬತ್ತನೆಯ ಶತಮಾನದಲ್ಲಿ ಗಂಗರು ರಾಷ್ಟ್ರಕೂಟರ ಅಧೀನತೆಯನ್ನು ಒಪ್ಪದೆ ಬಹುಕಾಲ ಹೋರಾಡಿದರು. ಕೊನೆಗೆ ನೃಪತುಂಗ ಅಮೋಘವರ್ಷನು ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟನು. ಯುದ್ಧದಿಂದ ಆಗದ್ದು ಮದುವೆಯಿಂದ ಆಯಿತು.

ಮುಂದೆ ಮೂರನೆಯ ಅಮೋಘವರ್ಷನ ಮಗಳು ರೇವಕನಿಮ್ಮಡಿ ಇಮ್ಮಡಿ ಬೂತುಗನ ಕೈಹಿಡಿದಳು. ಆಗ ಗಂಗರ ಗದ್ದುಗೆಯಲ್ಲಿದ್ದವನು ಬೂತುಗನ ಅಣ್ಣ ರಾಚಮಲ್ಲ. ಮಾವನ ಮನೆಯವರ ಬೆಂಬಲದಿಂದ ಬೂತುಗ ಅಣ್ಣನನ್ನು ಕೊಂದು ರಾಜನಾದನು. ಭಾವಮೈದುನ ಮೂರನೆಯ ಕೃಷ್ಣನ ಈ ಉಪಕಾರವನ್ನು ಅವನು 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದು ತೀರಿಸಿದನು.

ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಗಂಗರಿಗೆ ಬಂದದ್ದು ಹೇಗೆ? ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಪ್ರಕಾರ, ಬನವಾಸಿಯೊಡನೆ ಇವನ್ನು ತಕ್ಕೋಲಂ ಗೆಲುವಿಗಾಗಿ ಕೃಷ್ಣ ಕೊಟ್ಟನು. ಧಾರವಾಡ ಸೀಮೆಯ ಹೆಬ್ಬಾಳ ಶಾಸನವಾದರೋ ಇವು ರೇವಕನಿಮ್ಮಡಿಯ ಬಳುವಳಿ ಎನ್ನುತ್ತದೆ. ಒಂದೇ ನಾಡು, ಒಂದು ಲೆಕ್ಕದಲ್ಲಿ ಅಳಿಯನ ಶೌರ್ಯದ ಫಲ, ಇನ್ನೊಂದರಲ್ಲಿ ಮಗಳ ಪಾಲು!

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ಸಾಮ್ರಾಜ್ಯವನ್ನು ವಶಪಡಿಸಿಕೊಂಡನು. ಅವನೂ ಪರಕೀಯನಲ್ಲ, ಅವನ ರಾಣಿ ಜಾಕವ್ವೆ ರಾಷ್ಟ್ರಕೂಟ ವಂಶದ ಭಮ್ಮಹನ ಮಗಳು. ಆಗ ಎದುರು ನಿಂತವನು ಗಂಗ ಮಾರಸಿಂಹ. ಇವನು ರೇವಕನಿಮ್ಮಡಿಯ ಮಗನಲ್ಲ, ಬೂತುಗನ ಇನ್ನೊಬ್ಬ ರಾಣಿಯ ಮಗ. ಕೃಷ್ಣನ ಮೊಮ್ಮಗನೂ ಬೂತುಗನ ಮಗಳ ಮಗನೂ ಆದ ನಾಲ್ಕನೆಯ ಇಂದ್ರನಿಗೆ ಈ ಸೋದರಮಾವನೇ ಪಟ್ಟ ಕಟ್ಟಿದನು. ಇದರಲ್ಲಿ ಗಂಗರ ಸ್ವಂತ ಹಿತವೂ ಇತ್ತು, ನಿಜ. ಆದರೆ ಮುಳುಗುತ್ತಿದ್ದ ಮನೆತನದ ಕೈಬಿಟ್ಟು ಗೆದ್ದವನ ಪಕ್ಷ ಸೇರುವ ದಾರಿಯೂ ಅವನಿಗೆ ತೆರೆದಿತ್ತು. ಅವನು ಆ ದಾರಿ ಹಿಡಿಯಲಿಲ್ಲ.

ಪ್ರಯತ್ನ ಫಲಿಸಲಿಲ್ಲ. ರಾಜ್ಯ ತ್ಯಜಿಸಿದ ಮಾರಸಿಂಹನು ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. 982ರಲ್ಲಿ ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮುಡಿಪಿದನು. ಮಾವನ ಕೀರ್ತಿಯನ್ನು ಸಾರುವ ಶಾಸನವೂ ಅಳಿಯನ ಶಾಸನವೂ ಬೆಳಗೊಳದಲ್ಲೇ ಇವೆ.

ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಸೋದರಮಾವ, ಚಿಕ್ಕಪ್ಪ, ಭಾವ ಎಲ್ಲರೂ 'ಅಂಕಲ್' ಆಗಿಬಿಟ್ಟಿದ್ದಾರೆ. ಆ ಒಂದೇ ಮಾತಿನಲ್ಲಿ ಮಾರಸಿಂಹನ ಕಥೆಯನ್ನು ಹೇಳಲು ಬರುವುದಿಲ್ಲ. ಆದ್ದರಿಂದ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಬೆಳಗೊಳಕ್ಕೆ ಕರೆದೊಯ್ಯೋಣ. ಜೊತೆಗೆ ಅವರ ಸೋದರಮಾವಂದಿರನ್ನೂ ಕರೆದುಕೊಂಡು ಹೋಗೋಣ.